ರಿಬ್ಬನ್ ಮೇಲೆ ಅಪ್ಪನ ಬೆರಳು

ಆ ದಿನಗಳಲ್ಲಿ ಹೊಸಪೇಟೆಯ ಸಂಡೂರು ರಸ್ತೆಯಲ್ಲಿದ್ದವರಿಗೆ ಬಿಳಿ ಬಟ್ಟೆಯ ಭಾಗ್ಯ ಬೆಳಗ್ಗೆ ಒಂಬತ್ತು ಗಂಟೆಯವರೆಗೆ ಮಾತ್ರ. ಅದಿರಿನ ಲಾರಿಗಳು ಒಂದರ ಹಿಂದೊಂದು ಹೋಗುತ್ತಲೇ ಇರುತ್ತಿದ್ದವು. ಕೆಂಪು ಧೂಳು ಬೇವಿನ ಎಲೆಯ ಮೇಲೆ, ಒಣಹಾಕಿದ ಬಟ್ಟೆಯ ಮೇಲೆ, ಮುಚ್ಚಿಟ್ಟ ಅನ್ನದ ಮೇಲೂ ಕೂರುತ್ತಿತ್ತು. ನಿಮ್ಮಲ್ಲಿ ಯಾರಾದರೂ ಆ ರಸ್ತೆಯ ಪಕ್ಕ ಬೆಳೆದವರಿದ್ದರೆ, ಮಂಡಕ್ಕಿ ತಿಂದರೂ ಹಲ್ಲಿನಲ್ಲಿ ಕರಕರ ಅನ್ನುತ್ತಿದ್ದ ಆ ಮಣ್ಣನ್ನು ಮರೆತಿರಲಿಕ್ಕಿಲ್ಲ. ಶಾಲೆಯ ಹುಡುಗಿಯರ ಬಿಳಿ ರಿಬ್ಬನ್ನುಗಳೆಲ್ಲ ಸಂಜೆಗೆ ಕೆಂಪಾಗುತ್ತಿದ್ದವು. ನನ್ನದು ಮಾತ್ರ ಬೆಳಗ್ಗೆಯೇ ಕಪ್ಪಾಗಿರುತ್ತಿತ್ತು.

ಅದಕ್ಕೆ ಕಾರಣ ನಮ್ಮಪ್ಪ. ಅಪ್ಪ ಲಾರಿ ಮೆಕ್ಯಾನಿಕ್. ಸೇಲಂ ಕಡೆಯ ಯಾವುದೋ ಹಳ್ಳಿಯಿಂದ ಲಾರಿಗಳ ಹಿಂದೆಯೇ ಬಂದು, ಇಲ್ಲಿನ ಮೆಟ್ರಿ ಊರಿನ ನಮ್ಮವ್ವನನ್ನು ಮದುವೆಯಾಗಿ ಇಲ್ಲೇ ನಿಂತವನು. ಕನ್ನಡವನ್ನು ಡ್ರೈವರುಗಳಿಂದ ಕಲಿತಿದ್ದ. ಬೈಗುಳ ಮೊದಲು, ಉಳಿದದ್ದು ಆಮೇಲೆ. ಎಲ್ಲರೂ ಅವನನ್ನು ಮೇಸ್ತ್ರಿ ಅನ್ನುತ್ತಿದ್ದರು. ಕೆಟ್ಟ ಲಾರಿ ಬಂದರೆ ಬಾನೆಟ್ ತೆಗೆಯುವ ಮೊದಲು ತಲೆ ಓರೆ ಮಾಡಿ, ಕಣ್ಣು ಮುಚ್ಚಿ ಇಂಜಿನ್ನಿನ ಸದ್ದು ಕೇಳುತ್ತಿದ್ದ. ಅಷ್ಟರಲ್ಲೇ ಅದರ ರೋಗ ಹೇಳಿಬಿಡುತ್ತಿದ್ದ.

ಅವ್ವನಿಗೆ ತೋರಣಗಲ್ಲಿನ ಕಾರ್ಖಾನೆಯ ಕ್ಯಾಂಟೀನಿನಲ್ಲಿ ಮೊದಲ ಶಿಫ್ಟು. ಬೆಳಕು ಹರಿಯುವ ಮುಂಚೆಯೇ ಬಸ್ಸು ಹತ್ತುತ್ತಿದ್ದಳು. ಹಾಗಾಗಿ ನನ್ನ ಎರಡು ಜಡೆ ಅಪ್ಪನ ಪಾಲಿಗೆ ಬಂದಿದ್ದವು. ಹುಬ್ಬು ಮೇಲಕ್ಕೇರುವಷ್ಟು ಬಿಗಿಯಾಗಿ ಹೆಣೆಯುತ್ತಿದ್ದ. ಕೊಬ್ಬರಿ ಎಣ್ಣೆಯ ಜೊತೆ ಡೀಸೆಲ್ ವಾಸನೆ. ರಿಬ್ಬನ್ನಿಗೆ ಹಾಕುತ್ತಿದ್ದುದು ಲಾರಿಯ ತಾಡಪಾಲಿಗೆ ಹಗ್ಗ ಕಟ್ಟುವ ಗಂಟು. ಎಷ್ಟು ಕುಣಿದರೂ ಸಡಿಲವಾಗದು, ಒಂದು ತುದಿ ಎಳೆದರೆ ಸರ್ರನೆ ಬಿಚ್ಚಿಕೊಳ್ಳುವುದು.

"ಸಂಡೂರು ಘಾಟ್ ಹತ್ತಿ ಇಳಿದ್ರೂ ಬಿಚ್ಚಂಗಿಲ್ಲ ನೋಡು, ಕಣ್ಣಮ್ಮಾ. ಕಲ್ತ್ಕೋ."

"ನೀ ಅದಿಯಲ್ಲಪ್ಪಾ, ನನಗ್ಯಾಕ?" ಅನ್ನುತ್ತಿದ್ದೆ.

ಕೈ ತೊಳೆಯದೆ ಅವನು ನನ್ನ ತಲೆ ಮುಟ್ಟಿದವನೇ ಅಲ್ಲ. ಆದರೆ ಬೆರಳಿನ ಬಿರುಕುಗಳಲ್ಲಿ ಸೇರಿದ ಗ್ರೀಸು ತಲೆಯ ಎಣ್ಣೆ ತಾಗಿದ ಕೂಡಲೇ ಮೆಲ್ಲಗೆ ಹೊರಗೆ ಬರುತ್ತಿತ್ತು.

ನಾನು ಏಳನೇ ತರಗತಿಯಲ್ಲಿದ್ದಾಗ, ಮಳೆಗಾಲದ ಮೊದಲಲ್ಲಿ, ಪ್ರಾರ್ಥನೆ ಹೇಳುವ ನಾಲ್ಕು ಹುಡುಗಿಯರಲ್ಲಿ ನನ್ನನ್ನೂ ಆರಿಸಿದರು. ಅಪ್ಪ ಹೊಸ ರಿಬ್ಬನ್ ತಂದು, ರಾತ್ರಿಯೆಲ್ಲ ದಿಂಬಿನ ಕೆಳಗಿಟ್ಟು ಮಡಿಕೆ ತೆಗೆದು, ಬೆಳಗ್ಗೆ ಕಟ್ಟಿ ಕಳಿಸಿದ. ಇಡೀ ಶಾಲೆ ಸಾಲಾಗಿ ನಿಂತಿತ್ತು. ಟೀಚರ್ ನನ್ನ ಜಡೆ ಎತ್ತಿ ನೋಡಿದರು.

"ಏನಿದು? ನಿಮ್ಮಪ್ಪ ನಿನ್ನನ್ನೂ ಗಾಡಿ ಅಂದ್ಕಂಡು ಗ್ರೀಸ್ ಹಚ್ಯಾನೇನು? ಹೋಗು, ಹಿಂದ ನಿಂದ್ರು."

ಎಲ್ಲರೂ ನಕ್ಕರು. ನಮ್ಮ ಪಕ್ಕದ ಮನೆಯ ಹುಡುಗಿಯೇ ಎಲ್ಲರಿಗಿಂತ ಜೋರಾಗಿ ನಕ್ಕಳು. ಶಾಲೆ ಬಿಟ್ಟ ಮೇಲೆ ಕಾಲುವೆಯ ಸೇತುವೆ ಮೇಲೆ ನಿಂತು ರಿಬ್ಬನ್ನಿನ ತುದಿ ಎಳೆದೆ. ಸರ್ರನೆ ಬಂತು. ಬಿಳಿ ಬಟ್ಟೆಯ ಮೇಲೆ ಅಪ್ಪನ ಹೆಬ್ಬೆರಳು ಸುಳಿಸಮೇತ ಮೂಡಿತ್ತು. ಮುದ್ದೆ ಮಾಡಿ ನೀರಿಗೆ ಎಸೆದೆ.

ಮನೆಗೆ ಬಂದು ಅಪ್ಪನಿಗೆ ಹೇಳಿದೆ. "ನಾಳಿಯಿಂದ ನೀ ನನ್ನ ಕೂದ್ಲ ಮುಟ್ಟಬ್ಯಾಡ."

ಅಪ್ಪ ತನ್ನ ಬೆರಳು ನೋಡಿಕೊಂಡ. ಸಂಜೆ ಬಚ್ಚಲಕಲ್ಲಿನ ಮೇಲೆ ಕೂತು ಸೀಮೆಎಣ್ಣೆ, ಸೋಪಿನ ಪುಡಿ, ಕೊನೆಗೆ ನಿಂಬೆಹೋಳು ಹಾಕಿ ಉಜ್ಜಿದ. ಬಿರುಕುಗಳಿಂದ ರಕ್ತ ಬಂತು, ಕಪ್ಪು ಹೋಗಲಿಲ್ಲ. ಮರುದಿನ ಬೆಳಗ್ಗೆ ಎರಡೂ ಕೈಗೆ ಖಾಲಿ ಹಾಲಿನ ಕವರ್ ಹಾಕಿಕೊಂಡು ಬಾಚಣಿಗೆ ಹಿಡಿದು ನಿಂತಿದ್ದ. ಅವತ್ತು ನನಗೆ ಸಿಟ್ಟೇ ಬಂತು. ಬಾಚಣಿಗೆ ಕಸಿದುಕೊಂಡು ನಾನೇ ಸೊಟ್ಟ ಜಡೆ ಹಾಕಿಕೊಂಡೆ.

ಅವ್ವನಿಗೆ ವಿಷಯ ಗೊತ್ತಾಗಿ ಬೆನ್ನಿಗೆ ಒಂದು ಕೊಟ್ಟಳು. "ಆ ಕೈ ಕರ್ರಗ ಆಗಿದ್ದು ಯಾರ ಸಲುವಾಗಿ ಅಂತ ತಿಳದಿ?" ಅಂದಳು. ನಾನು ಹಟ ಬಿಡಲಿಲ್ಲ.

ಆ ಮಳೆಗಾಲದಲ್ಲೇ ಕೋರ್ಟಿನ ಆದೇಶಕ್ಕೆ ಗಣಿಗಳು ನಿಂತವು. ಲಾರಿಗಳ ಸದ್ದು ಇಲ್ಲದೆ ಮೊದಲ ಕೆಲವು ದಿನ ನಮಗ್ಯಾರಿಗೂ ಸರಿಯಾಗಿ ನಿದ್ದೆ ಬರಲಿಲ್ಲ. ಮಳೆಗೆ ಬೇವಿನ ಮರ ತೊಳೆದುಕೊಂಡು ಹಸಿರಾಯಿತು. ಅದು ಅಷ್ಟು ಹಸಿರು ಅಂತ ನಾನು ಆಗಲೇ ನೋಡಿದ್ದು. ಗ್ಯಾರೇಜಿನ ಮಾಲೀಕ ಶೆಟರ್ ಎಳೆದ. ಅಪ್ಪ ಮನೆಯ ಕಟ್ಟೆಯ ಮೇಲೆ ಕೈಕಟ್ಟಿ ಕೂತ. ದಿನ ಕಳೆದಂತೆ ಅವನ ಉಗುರಿನ ಸಂದು, ಆಮೇಲೆ ಅಂಗೈಯ ಗೆರೆಗಳು ಬೆಳ್ಳಗಾದವು.

ಅವನ ಜೊತೆಯ ಮೇಸ್ತ್ರಿಗಳು ಲಾರಿಗಳ ಬೆನ್ನು ಹತ್ತಿ ಒಡಿಶಾದ ಗಣಿಗಳ ಕಡೆ ಹೊರಟರು. ಒಂದು ಸಂಜೆ ಒಬ್ಬ ಡ್ರೈವರ್ ಅಪ್ಪನನ್ನು ಕರೆಯಲು ಬಂದ. ನಾನು ಬಾಗಿಲ ಹಿಂದೆ ಓದುತ್ತಾ ಕೂತಿದ್ದೆ.

"ಬಾ ಮೇಸ್ತ್ರಿ, ಅಲ್ಲಿ ಭಾಳ ಕೆಲಸ ಐತಿ. ಇಲ್ಲಿ ಏನ್ ಮಾಡ್ತಿ?"

"ನಾ ಹ್ಯಾಂಗ ಬರ್ಲಿ? ನನ್ ಮಗಳ ಜಡಿ ಯಾರು ಹಾಕ್ತಾರ? ಅವರವ್ವ ಜಲ್ದಿ ಹೋಗ್ತಾಳ" ಅಂದ ಅಪ್ಪ.

ನಾನು ಅವನ ಕೈಗೆ ತಲೆ ಕೊಡದೆ ಎರಡು ತಿಂಗಳಾಗಿತ್ತು.

ಮರುದಿನ ಬೆಳಗ್ಗೆ ಬಾಚಣಿಗೆ, ಎಣ್ಣೆ, ರಿಬ್ಬನ್ ತೆಗೆದುಕೊಂಡು ಹೋಗಿ ಅವನ ಮುಂದೆ ಕೂತೆ. ಅಪ್ಪ ಎರಡೂ ಕೈ ನನ್ನ ಮುಂದೆ ಚಾಚಿ, ಹಿಂದೆ ಮುಂದೆ ತಿರುಗಿಸಿ ತೋರಿಸಿದ.

"ನೋಡು ಕಣ್ಣಮ್ಮಾ, ಈಗ ಸ್ವಚ್ಛ ಅದಾವ. ಹಾಕ್ಲಾ?"

ಹೂಂ ಅಂದೆ. ಅತ್ತದ್ದು ಅವನಿಗೆ ಕಾಣದ ಹಾಗೆ ಮುಖ ಮುಂದಕ್ಕೆ ಮಾಡಿಕೊಂಡಿದ್ದೆ.

ಅಪ್ಪ ಒಡಿಶಾಕ್ಕೆ ಹೋಗಲಿಲ್ಲ. ಸ್ಪ್ಯಾನರ್ ಪೆಟ್ಟಿಗೆ ಮಾರಿ, ಹಂಪಿ ರಸ್ತೆಯ ಒಂದು ಲಾಡ್ಜಿನಲ್ಲಿ ಕಾವಲುಗಾರನಾದ. ಸಂಜೆಯ ಪಾಳಿಯನ್ನೇ ಕೇಳಿ ಪಡೆದಿದ್ದ. ಅಲ್ಲಿ ಪ್ರವಾಸಿಗರ ಗಾಡಿ ಸ್ಟಾರ್ಟ್ ಆದಾಗಲೆಲ್ಲ ಅವನ ತಲೆ ತಾನಾಗಿಯೇ ಓರೆಯಾಗುತ್ತಿತ್ತು, ಕಣ್ಣು ಮುಚ್ಚಿಕೊಳ್ಳುತ್ತಿತ್ತು. ಯಾರೂ ಅವನನ್ನು ಏನೂ ಕೇಳುತ್ತಿರಲಿಲ್ಲ. ಗಾಡಿ ಹೋದ ಮೇಲೆ ಗೇಟು ಹಾಕುತ್ತಿದ್ದ. ಹತ್ತನೇ ತರಗತಿಯವರೆಗೂ ಅವನೇ ನನ್ನ ಜಡೆ ಹಾಕಿದ. ನನ್ನ ರಿಬ್ಬನ್ ಸಂಜೆಯವರೆಗೂ ಬಿಳಿಯಾಗಿಯೇ ಇರುತ್ತಿತ್ತು.

ಹೋದ ವರ್ಷ ಅಪ್ಪ ತೀರಿಕೊಂಡ. ಆಸ್ಪತ್ರೆಯಲ್ಲಿ ಅವನ ಕೈ ಹಿಡಿದು ಕೂತವಳು ಉಗುರಿನ ಸಂದಿಯಲ್ಲಿ ಒಂದಿಷ್ಟು ಕಪ್ಪು ಉಳಿದಿದೆಯೇ ಅಂತ ಹುಡುಕಿದೆ. ಏನೂ ಇರಲಿಲ್ಲ. ಅವತ್ತು ನಾನು ಬಯಸಿದ್ದ ಹಾಗೇ ಆಗಿತ್ತು ಆ ಕೈ.

ಸಂಡೂರು ರಸ್ತೆಯಲ್ಲಿ ಈಗ ಮತ್ತೆ ಅದಿರಿನ ಲಾರಿಗಳಿವೆ. ಗ್ಯಾರೇಜಿನ ಜಾಗದಲ್ಲಿ ಮೊಬೈಲ್ ಅಂಗಡಿ ಬಂದಿದೆ. ಬೆಳಗ್ಗೆ ನನ್ನ ಮಗಳಿಗೆ ಜಡೆ ಹಾಕುತ್ತೇನೆ. ಶಾಲೆ ಮುಟ್ಟುವಷ್ಟರಲ್ಲಿ ರಿಬ್ಬನ್ ಬಿಚ್ಚಿಹೋಗಿರುತ್ತದೆ. ಆ ಗಂಟು ನಾನು ಕಲಿಯಲೇ ಇಲ್ಲ. ಅಪ್ಪನ ಹೆಬ್ಬೆರಳು ಮೂಡಿದ್ದ ಆ ರಿಬ್ಬನ್ ಇವತ್ತು ಇದ್ದಿದ್ದರೆ ತೊಳೆಯದೆ ಹಾಗೇ ಇಟ್ಟುಕೊಳ್ಳುತ್ತಿದ್ದೆ. ಅದನ್ನು ನಾನೇ ಕಾಲುವೆಗೆ ಎಸೆದೆ.