ಗುಡ್ಡದೋಣಿಯ ಕೊನೆಯ ನಲ್ಲಿ

ಗುರುಗುಂಟಾದ ಆಚೆ ನಮ್ಮದೊಂದು ದೊಡ್ಡಿ, ಅಂದರೆ ಹೊಲಗಳ ನಡುವೆ ಬೆಳೆದ ನಲವತ್ತು ಮನೆಗಳ ಗುಂಪು. ಅಲ್ಲಿ ಹತ್ತೊಂಬತ್ತು ವರ್ಷದಿಂದ ನೀರು ಬಿಡುವವರು ಕನಕರಾಯ ಕಾಕಾ. ಮೆತ್ತಗಿನ ಮನುಷ್ಯ. ಈ ವರ್ಷ ಮನೆಮನೆಗೆ ಹೊಸ ನಲ್ಲಿ ಹಾಕಿದ ಮೇಲೆ ಅವರ ಸಿಟ್ಟು ಎಂಥದೆಂದು ನೋಡಿದೆ.

ಕೆಲಸ ಸರಿಯಾಗಿ ಮುಗಿದಿದೆ ಎಂದು ಊರಿನ ಪರವಾಗಿ ಸಹಿ ಹಾಕಬೇಕಾದವರು ಕಾಕಾ. ಲಿಂಗಸುಗೂರಿನ ಎಂಜಿನಿಯರ್ ಶಿವಕಾಂತ ಪರೀಕ್ಷೆಯ ಫಾರ್ಮನ್ನು ತುಂಬಿ, ತಾವು ಬರುವ ಮೂರು ದಿನ ಮೊದಲೇ ಕಳಿಸಿದ್ದರು. ಕಾಕಾ ಒಂದೊಂದೇ ಅಕ್ಷರ ಕೂಡಿಸಿ ಒಂಬತ್ತೂ ಪುಟ ಓದಿದರು. ನೀರಿನ ಟಾಕಿಯ ಪಕ್ಕದ ಮೊದಲ ನಲ್ಲಿಗೆ ನೀರು ಬಂದರೆ ಊರಿಗೆಲ್ಲ ಬಂದಂತೆ ಎಂದು ಅದರಲ್ಲಿತ್ತು. ಗುಡ್ಡದ ಮೇಲಿನ ಓಣಿ, ನಮ್ಮ ಗುಡ್ಡದೋಣಿಯ ಹದಿನಾರು ಮನೆಗಳಿಗೆ ಹನಿಯೂ ಹತ್ತಿರಲಿಲ್ಲ. ಸಹಿ ಬಿದ್ದರೆ ನಲ್ಲಿ ಹಾಕಿದ ಗುತ್ತಿಗೆದಾರ ಹೋಗಿಬಿಡುತ್ತಾನೆ. ಅಲ್ಲಿಯ ಹೆಂಗಸರು ಕೊಡ ಹೊತ್ತು ಗುಡ್ಡ ಹತ್ತುವುದು ಮಾತ್ರ ನಿಲ್ಲುವುದಿಲ್ಲ.

ಶಿವಕಾಂತ ಬಂದವರೇ ಪೆನ್ನು ಚಾಚಿದರು.

"ಕಾಲುವಿ ನೀರಿನ ಹೂಳು ತೆಗೆಯೋ ತೊಟ್ಟಿ ಸರಿ ಐತಿ ಅಂತ ಬರ್ದೀರಲ್ರಿ ಸಾಹೇಬ್ರ. ನಮ್ಮದು ಬೋರಿನ ನೀರು. ಯಾವ ತೊಟ್ಟಿ ನೋಡಿದ್ರಿ?" ಎಂದರು ಕಾಕಾ.

"ಎಲ್ಲಾ ಊರಿಗೂ ಇದ ಫಾರ್ಮ್ ಪಾ. ಸಿಂಧನೂರು ಕಡೆ ಮೂವತ್ತು ಊರು ಇದರಾಗ ಮುಗಿಸೀವಿ."

"ಅಲ್ಲಿ ನೆಲ ಸಪಾಟ ಐತ್ರಿ! ಇಲ್ಲಿ ಗುಡ್ಡದ ಮ್ಯಾಲ ಮನಿ ಅದಾವ, ಕಣ್ಣಿಗಿ ಕಾಣಂಗಿಲ್ಲೇನು?"

ಗುಡ್ಡದೋಣಿಯ ಅಂಬಮ್ಮ ತಲೆಯ ಕೊಡ ಇಳಿಸಿದಳು. "ಬಿಡಪಾ ಕನಕಣ್ಣ, ಅವ್ರ ಫಾರ್ಮಿನ್ಯಾಗ ಗುಡ್ಡ ಇಲ್ಲಂದ್ರ ನಾವ ಇಳದು ಬರ್ತೀವಿ, ಮನಿ ಹೊತ್ಕೊಂಡು."

ಶಿವಕಾಂತರ ಮುಖ ಬಿಗಿಯಿತು. "ಫಾರ್ಮ್ ತಿದ್ದಾಕ ನನಗ ಅಧಿಕಾರ ಇಲ್ಲ."

"ಐತಿ!" ಕಾಕಾ ಕೊನೆಯ ಪುಟ ತೆರೆದು ಬೆರಳಿಟ್ಟರು. ಸ್ಥಳಕ್ಕೆ ಹೊಂದದ ಪರೀಕ್ಷೆ ಬಿಡಬಹುದು, ಬೇಕಾದದ್ದು ಸೇರಿಸಬಹುದು, ಕಾರಣ ಬರೆಯಬೇಕು ಎಂದು ಅಚ್ಚಾಗಿತ್ತು. ಕೆಳಗಿನ ಜಾಗ ಖಾಲಿ. "ನಾಕು ಸಾಲು ಕಾರಣ ಬರ್ಯಾಕ ನಿಮಗ ಬ್ಯಾಸರ. ಅದಕ್ಕ ಇವ್ರು ಸಾಯೋತನ ನೀರು ಹೊರಬೇಕು?"

ಶಿವಕಾಂತ ತೊಟ್ಟಿಯ ಸಾಲು ಹೊಡೆದುಹಾಕಿದರು. 'ಗುಡ್ಡದೋಣಿಯ ಕೊನೆಯ ನಲ್ಲಿ' ಎಂದು ಹೊಸ ಸಾಲು ಬರೆದು, ಕಾರಣವನ್ನೂ ಬರೆದರು. ಮೋಟಾರು ಹಾಕಿ ಎಲ್ಲರೂ ಮೇಲೆ ಹತ್ತಿ ಅರ್ಧ ತಾಸು ಕಾದೆವು. ನಲ್ಲಿ ಗಾಳಿ ಊದಿತು, ಅಷ್ಟೆ. ಅವರು 'ವಿಫಲ' ಎಂದು ಬರೆದರು. ಇನ್ನು ಗುಡ್ಡಕ್ಕೆ ನೀರು ಹತ್ತಿಸದೆ ಗುತ್ತಿಗೆದಾರನಿಗೆ ಬಿಡುಗಡೆಯಿಲ್ಲ. ಕಾಕಾ ಅದರ ಕೆಳಗೆ ಸಹಿ ಹಾಕಿದರು.

ಸಿಟ್ಟು ಮಾತ್ರ ಇಳಿಯಲಿಲ್ಲ. "ಇಂಥ ಗುಡ್ಡದ ಮ್ಯಾಲಿನ ಎಷ್ಟು ದೊಡ್ಡಿಗಿ ಪಾಸ್ ಅಂತ ಬರ್ದೀರಿ? ಹೇಳ್ರಿ!"

ಶಿವಕಾಂತ ಫಾರ್ಮನ್ನು ಚೀಲಕ್ಕೆ ಹಾಕಿಕೊಂಡು ಗುಡ್ಡ ಇಳಿಯತೊಡಗಿದರು. ಕಾಕಾ ಅವರ ಹಿಂದೆಯೇ ಇಳಿಯುತ್ತ ಮತ್ತೆ ಅದನ್ನೇ ಕೇಳಿದರು.