ಹಾಯಿಗೆ ಒಂದು ಗೇಣು ಹೆಚ್ಚು

ನಾವು ಚಿಕ್ಕವರಿದ್ದಾಗ ಬಟ್ಟೆ ಹೊಲಿಸುತ್ತಿದ್ದದ್ದು ಇವತ್ತಿನ ಮೈಗಲ್ಲ, ಬರುವ ವರ್ಷದ ಮೈಗೆ. ದರ್ಜಿ ಟೇಪು ಬಿಚ್ಚುವ ಮೊದಲೇ ಅವ್ವ, "ಬೆಳೆಯೋ ಮಗು ಕಣಣ್ಣ, ಒಂದು ಗೇಣು ಎಚ್ಚಾಗೇ ಇಡು," ಅನ್ನುತ್ತಿದ್ದಳು. ಹೆಚ್ಚಾದದ್ದನ್ನು ಕತ್ತರಿಸುವ ಮಾತೇ ಇಲ್ಲ. ಲಂಗದ ಅಂಚನ್ನು ಒಳಕ್ಕೆ ಮಡಚಿ ಹೊಲಿದು, ನಾವು ಉದ್ದವಾದ ಹಾಗೆ ಬಿಚ್ಚುತ್ತಿದ್ದರು. ಮೇಲೆಲ್ಲ ಬಣ್ಣ ಮಾಸಿ, ಬಿಚ್ಚಿದ ಪಟ್ಟಿ ಮಾತ್ರ ಹೊಸದಾಗಿ ಹೊಳೆಯುತ್ತಿತ್ತು. ಆ ಪಟ್ಟಿ ನೋಡಿ ಯಾರು ಎಷ್ಟು ಬೆಳೆದರು ಅಂತ ಶಾಲೆಯಲ್ಲಿ ಹೇಳಿಬಿಡಬಹುದಿತ್ತು. ಇಂಥ ಅಭ್ಯಾಸದ ಮನೆಯವರು ದೋಣಿಗೆ ಹಾಯಿ ಹೊಲಿಸಲು ಹೊರಟರೆ ಏನಾಗಬೇಕೋ ಅದೇ ನಮ್ಮಲ್ಲಿ ಆಯಿತು.

ನಮ್ಮೂರು ಎಚ್.ಡಿ. ಕೋಟೆ ತಾಲ್ಲೂಕಿನಲ್ಲಿ, ಕಬಿನಿಯ ಹಿನ್ನೀರು ಹೊಲದಂಚಿಗೇ ಬಂದು ನಿಲ್ಲುವ ಕಡೆ. ತಾತನ ಹತ್ತಿರ ಒಂದು ಹಾಯಿದೋಣಿಯಿತ್ತು. ಅಣೆಕಟ್ಟೆಯ ಕೆಲಸಕ್ಕೆ ಬಂದಿದ್ದ ಇಂಜಿನಿಯರೊಬ್ಬರು ಭಾನುವಾರಗಳಲ್ಲಿ ಅದರಲ್ಲಿ ತಿರುಗುತ್ತಿದ್ದರಂತೆ. ಜೊತೆಗೆ ಕೂತು ಕೂತು ತಾತನಿಗೆ ಹಗ್ಗ ಹಿಡಿಯುವುದು, ಗಾಳಿ ನೋಡುವುದು ಬಂದಿತ್ತು. ವರ್ಗವಾಗಿ ಹೋಗುವಾಗ ಅವರು ದೋಣಿಯನ್ನು ತಾತನಿಗೇ ಬಿಟ್ಟುಹೋದರು. ನಮ್ಮದೋ ವಿಭೂತಿ ಹಚ್ಚುವ, ಮೀನು ಮುಟ್ಟದ ಮನೆ. "ಮೀನು ತಿನ್ನದೋರ್ಗೆ ದೋಣಿ ಯಾಕಪ್ಪ, ಈಬೂತಿ ಸಾಗ್ಸಕ್ಕಾ?" ಎಂದು ಊರವರು ಆಡಿಕೊಳ್ಳುತ್ತಿದ್ದರು. ತಾತ ನಕ್ಕುಬಿಡುತ್ತಿದ್ದ. ಸಂಜೆ ಗಾಳಿ ಎದ್ದರೆ ನನ್ನನ್ನು ಕೂರಿಸಿಕೊಂಡು ಆಚೆ ದಡದವರೆಗೆ ಹೋಗಿ, ಅಲ್ಲಿ ಯಾವ ಕೆಲಸವೂ ಇಲ್ಲದೆ ವಾಪಸು ಬರುತ್ತಿದ್ದ. ಅವನಿಗೆ ಅದೇ ಕೆಲಸ. ಹೊಲದಲ್ಲಿ ಮಾತೇ ಆಡದ ತಾತ ನೀರಿನ ಮೇಲೆ ಹಾಡು ಗುನುಗುತ್ತಿದ್ದ.

ನಾನು ಐದನೇ ಕ್ಲಾಸಿನಲ್ಲಿದ್ದ ವರ್ಷ. ಮಳೆಗಾಲದಲ್ಲಿ ಕೊಟ್ಟಿಗೆಯ ಅಟ್ಟದ ಮೇಲೆ ಸುತ್ತಿಟ್ಟಿದ್ದ ಹಾಯಿಯನ್ನು ಅವರೆಕಾಯಿ ಕಾಲಕ್ಕೆ ಇಳಿಸಿ ಬಿಚ್ಚಿದರೆ, ಒಳಗೆ ಇಲಿ ಸಂಸಾರ ಹೂಡಿತ್ತು. ಕೆಳಗಿನ ಅರ್ಧ ಬಟ್ಟೆ ಜರಡಿಯಾಗಿತ್ತು. ಅದೇ ವಾರ, ನೀರಿನಾಚೆ ಹೊಸದಾಗಿ ಎದ್ದಿದ್ದ ರೆಸಾರ್ಟಿನ ಮ್ಯಾನೇಜರು ಬಂದು ದೋಣಿಯನ್ನು ಕೇಳಿದರು. ಅವರಿಗೆ ಅದು ನೀರಿಗಲ್ಲ, ಹುಲ್ಲಿನ ಮೇಲೆ ಇಟ್ಟು ಒಳಗೆ ಮಣ್ಣು ತುಂಬಿ ಹೂವಿನ ಗಿಡ ನೆಡಲು.

ಅಪ್ಪ ಒಪ್ಪಿಬಿಟ್ಟರು. "ಅಪ್ಪಾಜಿ, ನಿಮ್ಗೂ ವಯಸ್ಸಾಯ್ತು. ಒಬ್ರೇ ನೀರ್ ಮೇಲೆ ಓಗದು ನಂಗೆ ಸರಿ ಕಾಣಲ್ಲ. ಎಂಗೂ ಆಯಿ ಓಯ್ತು, ಕೊಟ್ಬುಡಣ."

ತಾತ ಜರಡಿಯಾದ ಬಟ್ಟೆಯನ್ನು ಮಡಚಿ ಪಕ್ಕಕ್ಕಿಟ್ಟ. ಆಮೇಲೆ, "ಒಸ ಆಯಿ ಒಲಿಸ್ತೀನಿ ಕಣ್ಲಾ," ಅಂದ.

"ಸರಿ. ಸಂಕ್ರಾಂತಿ ಮಾರ್ನೇ ದಿನ ಅವರ್ ಜೀಪು ಬತ್ತದೆ. ಅಷ್ಟ್ರಲ್ಲಿ ದೋಣಿ ನೀರ್ ಮೇಲಿದ್ರೆ ನಿಮ್ದು. ದಡದ ಮೇಲಿದ್ರೆ ಅವರ್ದು."

ಹಾಯಿ ಹೊಲಿಯುವವರು ನಮ್ಮ ಸೀಮೆಯಲ್ಲಿ ಯಾರಿದ್ದಾರೆ? ಅವ್ವನಿಗೆ ನೆನಪಾದದ್ದು ಹುಣಸೂರಿನ ಬಾಷಾ ಸಾಬರು. ಹೊಗೆಸೊಪ್ಪಿನ ಲಾರಿಗಳಿಗೆ ಟಾರ್ಪಾಲು, ಮದುವೆಮನೆಗೆ ಶಾಮಿಯಾನ ಹೊಲಿಯುವವರು. ಹಳೆಯ ಹಾಯಿ ಇಲಿಯ ಪಾಲಾಗಿದ್ದರಿಂದ ತಾತ ದೋಣಿಯ ಕಂಬವನ್ನೇ ಅಳೆದ. ಮೂರು ಹುರಿ ತಗೊಂಡ. ಒಂದು ಕಂಬದ ಎತ್ತರಕ್ಕೆ, ಒಂದು ಹಾಯಿಯ ಕೆಳಗಂಚು ಕಟ್ಟುವ ಅಡ್ಡ ಗಳದ ಉದ್ದಕ್ಕೆ, ಇನ್ನೊಂದು ಇವೆರಡರ ತುದಿ ಕೂಡಿಸುವ ಇಳಿಜಾರಿಗೆ. ಅಳತೆಗೆ ಒಂದೊಂದು ಗಂಟು ಹಾಕಿ, "ಯಾವ್ದು ಯಾವ್ದು ಅಂತ ಬರ್ದು ಕಟ್ಟು ಮಗಾ," ಅಂತ ನನ್ನ ಕೈಗೆ ಕೊಟ್ಟ.

ನಾನು ಜಗಲಿಯ ಮೇಲೆ ಕೂತು ಚೀಟಿ ಬರೆದೆ. ಒಳಗೆ ಅವರೆಕಾಳು ಹಿಸುಕುವ ಹಸಿ ವಾಸನೆ. ಮನೆಯಲ್ಲಿ ಯಾರೂ ನನ್ನ ಕಡೆ ನೋಡುತ್ತಿರಲಿಲ್ಲ. ಗಂಟುಗಳನ್ನು ಬಿಚ್ಚಿ, ನನ್ನ ಕೈಯಲ್ಲಿ ಒಂದೊಂದು ಗೇಣು ಮುಂದಕ್ಕೆ ಅಳೆದು, ಮತ್ತೆ ಬಿಗಿದೆ. ನನಗೆ ತಿಳಿದ ಲೆಕ್ಕ ಇಷ್ಟೇ. ಬಟ್ಟೆಯಲ್ಲಿ ಒಂದು ಗೇಣು ಹೆಚ್ಚು ಇಟ್ಟರೆ, ಆ ಬಟ್ಟೆಯವರು ಬರುವ ವರ್ಷವೂ ಇಲ್ಲೇ ಇರುತ್ತಾರೆ.

ಅವ್ವನ ಜೊತೆ ಹುಣಸೂರಿಗೆ ಬಸ್ಸಿನಲ್ಲಿ ಹೋದೆ. ಆ ಕಾಲದಲ್ಲಿ ಊರು ಹತ್ತಿರ ಬಂತು ಅಂತ ಹೇಳಲು ಕಿಟಕಿಯಲ್ಲಿ ನೋಡಬೇಕಿರಲಿಲ್ಲ. ಹದವಾದ ಹೊಗೆಸೊಪ್ಪಿನ ಸಿಹಿ ಘಾಟು ಮೂಗಿಗೆ ಬಡಿದರೆ ಹುಣಸೂರು ಬಂತೆಂದೇ ಅರ್ಥ. ಬಾಷಾ ಸಾಬರು ಹುರಿಗಳನ್ನು ಎತ್ತಿ ಹಿಡಿದು ನೋಡಿದರು.

"ಲಾರಿಗೆ ಹೊಲ್ದಿದೀನಿ, ಟ್ರ್ಯಾಕ್ಟರ್‌ಗೆ ಹೊಲ್ದಿದೀನಿ. ಮೂರು ಮೂಲೆದು ಯಾವ ಗಾಡಿನಮ್ಮಾ ಇದು?"

ಅವ್ವ ವಿವರಿಸಿದಳು. ಅವರ ಕಣ್ಣು ಅರಳಿತು. "ನಾನೇ ತಗೊಂಡ್ಬರ್ತೀನಿ. ನನ್ನ ಬಟ್ಟೆ ನೀರ್ ಮೇಲೆ ಹೋಗೋದು ನೋಡಬೇಕು." ನಾವು ಬಾಗಿಲು ದಾಟಿ ಎರಡು ಹೆಜ್ಜೆ ಹೋಗಿದ್ದೆವು. ಅವ್ವ ನಿಂತು, ನನ್ನನ್ನು ಬೀದಿಯಲ್ಲೇ ಬಿಟ್ಟು ಮತ್ತೆ ಒಳಗೆ ಹೋಗಿ ಏನೋ ಹೇಳಿ ಬಂದಳು.

ಹೇಳಿದ ದಿನಕ್ಕೆ ಹಾಯಿ ಬರಲಿಲ್ಲ. ಟಾರ್ಪಾಲಿನ ಸೀಸನ್ನು ಅಂತ ಬಸ್ಸಿನ ಕಂಡಕ್ಟರನ ಕೈಲಿ ಹೇಳಿಕಳಿಸಿದರು. ತಾತ ದಿನಾ ಹೋಗಿ ದೋಣಿಗೆ ಎಣ್ಣೆ ಸವರಿ ಬರುತ್ತಿದ್ದ. ನಾನು ಶಾಲೆಯಿಂದ ಬಂದವಳೇ ಕುಂಟೆಬಿಲ್ಲೆ ಬಿಟ್ಟು ಬಸ್ ಸ್ಟಾಪಿಗೆ ಓಡುತ್ತಿದ್ದೆ. ಸಂಕ್ರಾಂತಿಯ ದಿನ ಬೆಳಗಿನ ಬಸ್ಸಿನಿಂದ ಬಾಷಾ ಸಾಬರು ಇಳಿದರು, ಹೆಗಲ ಮೇಲೆ ಕಡುಹಸಿರು ಬಟ್ಟೆಯ ದೊಡ್ಡ ಸುರುಳಿ.

ಅವ್ವ ಎಳ್ಳುಬೆಲ್ಲ ಕೊಟ್ಟಳು. ಅದನ್ನು ಬಾಯಿಗೆ ಹಾಕಿಕೊಳ್ಳುತ್ತಲೇ ಎಲ್ಲರೂ ನೀರಿಗೆ ಹೋದೆವು. ತಾತ ಹಾಯಿಯನ್ನು ಕಂಬದ ತುದಿಗೆ ಏರಿಸಿದ. ಏರಿಸಿದಷ್ಟೂ ಕೆಳಗೆ ಬಟ್ಟೆ ಉಳಿದೇ ಇತ್ತು. ದೋಣಿಯ ಅಂಚು ದಾಟಿ ನೀರಿಗೆ ಬಿದ್ದು, ಅಡ್ಡ ಗಳವೂ ನೀರಲ್ಲಿ ಮುಳುಗಿತು.

"ಇದೇನ್ ಮಾವ, ಅಳತೆ ತಪ್ಪಾಯ್ತಾ?" ಅವ್ವನ ದನಿ ಸಣ್ಣಗಾಗಿತ್ತು.

"ತಪ್ಪೇನಿಲ್ಲ ಕಣವ್ವ," ತಾತ ತಲೆ ಕೆರೆದುಕೊಂಡ. "ನೀರಲ್ಲಿ ನೆನೆದ್ರೆ ಕುಗ್ತದೆ ಅಂತ ನಾನೇ ಒಂದು ಗೇಣು ಎಚ್ಚಿಗೆ ಗಂಟಾಕಿದ್ದೆ."

ಅವ್ವ ಬಾಯಿಗೆ ಸೆರಗು ಹಿಡಿದಳು. "ಅಯ್ಯೋ, ನಾನೂ ಒಂದು ಗೇಣು ಜಾಸ್ತಿ ಇಡಿ ಅಂತ ವಾಪಸ್ ಓಗಿ ಏಳ್ಬಂದೆ ಕಣ್ ಮಾವ!"

ಇಬ್ಬರೂ ಬಾಷಾ ಸಾಬರ ಕಡೆ ತಿರುಗಿದರು. ಅವರು ನೆಲ ನೋಡುತ್ತ, "ಮೊದಲ್ನೇ ಸಲ ಅಲ್ವಾ... ಸಣ್ಣದಾದ್ರೆ ಮರ್ಯಾದೆ ಹೋಗುತ್ತೆ ಅಂತ... ನಾನೂ ಒಂದು," ಅಂದರು.

ಮೊದಲು ನಕ್ಕವರು ಅಪ್ಪ. ನಗು ನಿಂತ ಮೇಲೆ, "ನಾಳೆ ಜೀಪು ಬತ್ತದೆ," ಅಂದರು. ತಾತ ಹಾಯಿ ಇಳಿಸಿದ. ಅವನ ಮುಖ ನೋಡಲಾಗದೆ ನಾನು ನೀರು ನೋಡಿದೆ.

ಮನೆಯ ಅಂಗಳದಲ್ಲಿ ಬಟ್ಟೆ ಹಾಸಿದರು. ಹೆಚ್ಚಾದದ್ದನ್ನು ಕತ್ತರಿಸಿಬಿಡೋಣವೆಂದು ಬಾಷಾ ಸಾಬರು ಕತ್ತರಿ ತೆಗೆದಾಗ, ಜಗಲಿಯಲ್ಲಿ ಕೂತಿದ್ದ ಅಜ್ಜಿ ಎದ್ದು ಬಂದಳು. "ಒಸ ಬಟ್ಟೆಗೆ ಕತ್ರಿ ಇಡ್ತಾರಾ ಸಾಬ್ರೆ? ಲಂಗಕ್ಕೆ ಏನ್ ಮಾಡ್ತೀವಿ? ಕೆಳಗಿಂದ ಮಡಚಿ ಒಲೀರಿ. ಮ್ಯಾಕ್ ಓದಂಗೆ ಅಗಲ ಕಮ್ಮಿ ಆಗೋ ಬಟ್ಟೆ ಇದು, ಮಡಚಿದ್ರೆ ಅಗಲಾನೂ ತಾನೇ ಸರಿ ಓಯ್ತದೆ. ಆ ಗಳಾನ ಮಡಿಕೆ ಒಳೀಕೆ ಲಾಡಿ ತೂರ್ಸ್ದಂಗೆ ತೂರ್ಸಿ."

ಬಾಷಾ ಸಾಬರು ಕತ್ತರಿ ಕೆಳಗಿಟ್ಟು, ಅಜ್ಜಿಯನ್ನೂ ಬಟ್ಟೆಯನ್ನೂ ಎರಡೆರಡು ಸಲ ನೋಡಿದರು.

ಎಲ್ಲರೂ ಊಟಕ್ಕೆ ಒಳಗೆ ಹೋದಾಗ ತಾತ ಇದ್ದಿಲ ಚೂರು ಹಿಡಿದು ಮಡಿಕೆಗೆ ಗುರುತು ಹಾಕುತ್ತ ಕೂತಿದ್ದ. ನಾನು ಜಗಲಿಯ ಕಂಬದ ಮರೆಯಲ್ಲಿ ನಿಂತಿದ್ದೆ. ಅವನು ದೋಣಿಯ ಸರಿಯಾದ ಅಳತೆ ಮುಗಿಯುವ ಕಡೆಯಿಂದ ಅಂಚಿನತ್ತ ಗೇಣು ಚಾಚಿ ಅಳೆದು ಗೀಟು ಎಳೆದ. ಒಂದು, ಎರಡು, ಮೂರು. ಆಮೇಲೂ ಸ್ವಲ್ಪ ಬಟ್ಟೆ ಉಳಿಯಿತು. ಅದನ್ನೇ ನೋಡುತ್ತಿದ್ದವನು ತಲೆ ಎತ್ತದೆ ಕರೆದ.

"ಬಾರವ್ವ ಇಲ್ಲಿ. ಕೈ ಇಡು."

ಇಟ್ಟೆ. ನನ್ನ ಹೆಬ್ಬೆರಳಿಂದ ಕಿರುಬೆರಳಿಗೆ ಸರಿಯಾಗಿ ಆ ಬಟ್ಟೆ ಮುಗಿಯಿತು.

"ಇದು ನಿಂದಾ?"

ನನಗೆ ಅಳು ಬಂತು. "ದೊಡ್ಡದಾದ್ರೆ ಬಾಳ ವರ್ಸ ಇರ್ತದೆ ಅನ್ಕಂಡೆ ತಾತ. ಬೆಳೆಯೋ ದೋಣಿನ ಯಾರೂ ತಗಂಡೋಗಲ್ಲ ಅಂತ."

ಅವನು ಬೈಯಲಿಲ್ಲ. ನನ್ನ ಕಿರುಬೆರಳ ತುದಿಗೆ ಇದ್ದಿಲಿನಿಂದ ನಾಲ್ಕನೇ ಗೀಟು ಎಳೆದು, "ಸರಿ ಬುಡು. ದೋಣಿ ಬೆಳೆದಾಗ ಬಿಚ್ಚಣ," ಅಂದ. ಆಮೇಲೆ ಅವನೂ ಕಣ್ಣೊರೆಸಿಕೊಂಡ. ಮನೆಯಲ್ಲಿ ಯಾರಿಗೂ ಈ ವಿಷಯ ಹೇಳಲಿಲ್ಲ.

ಗೋಣಿ ಹೊಲಿಯುವ ದಬ್ಬಳ ಹಿಡಿದು ಒಂದು ಕಡೆ ಅಜ್ಜಿ, ಇನ್ನೊಂದು ಕಡೆ ಬಾಷಾ ಸಾಬರು ಕೂತರು. ಹೊಲಿಗೆ ಯಾರದು ನೇರ ಅಂತ ಇಬ್ಬರಲ್ಲೂ ಪೈಪೋಟಿ. ಸಂಜೆ ಬಸ್ಸು ಬರುವಷ್ಟರಲ್ಲಿ ಮುಗಿಯಿತು. ಆದರೆ ಸಾಬರು ಬಸ್ಸು ಹತ್ತಲಿಲ್ಲ. ನೋಡಿಯೇ ಹೋಗುತ್ತೇನೆಂದು ಉಳಿದುಕೊಂಡರು.

ಮಾರನೆಯ ಬೆಳಿಗ್ಗೆ ಮಂಜು ಕರಗುವ ಹೊತ್ತಿಗೆ ತಾತ ನನ್ನನ್ನು ಕೂರಿಸಿಕೊಂಡು ದಡ ಬಿಟ್ಟ. ಮೊದಲು ಹಾಯಿ ಸುಮ್ಮನೆ ಜೋತುಬಿತ್ತು. ಆಮೇಲೆ ಎಲ್ಲಿಂದಲೋ ಗಾಳಿ ಬಂದು ಅದರ ಹೊಟ್ಟೆ ತುಂಬಿತು, ದೋಣಿ ಒಂದು ಕಡೆ ವಾಲಿ ಹೊರಟಿತು. ಹೊಸ ಬಟ್ಟೆಯ ಮೇಣದ ವಾಸನೆ ನನಗೆ ಇನ್ನೂ ಮೂಗಿನಲ್ಲಿದೆ. ದಡದಲ್ಲಿ ಬಾಷಾ ಸಾಬರು ಟೋಪಿ ಬೀಸುತ್ತಿದ್ದರು. ಜೀಪು ಬಂದು ನಿಂತದ್ದು ಕಂಡಿತು. ಮ್ಯಾನೇಜರು ನೀರಿನ ಕಡೆ ಕೈ ತೋರಿಸಿ ಏನೋ ಕೇಳುತ್ತಿದ್ದರು. ಅಪ್ಪ ಕೊಟ್ಟ ಉತ್ತರವನ್ನು ಆಮೇಲೆ ಅವ್ವ ಊರಿಗೆಲ್ಲ ಹೇಳಿದಳು:

"ದೋಣಿ ಖಾಲಿ ಇಲ್ಲ ಕಣ್ರೀ. ನಮ್ಮಪ್ಪ ಕೆಲ್ಸದ ಮೇಲೆ ಓಗವ್ರೆ."

ತಾತ ಇನ್ನೂ ಆರು ವರ್ಷ ಆ ಕೆಲಸ ಮಾಡಿದ. ಅವನು ಹೋದ ಮೇಲೆ ದೋಣಿಯನ್ನು ನೀರಿಗಿಳಿಸುವವರಿಲ್ಲದೆ ಹಲಗೆಗಳು ಕೊಳೆತು ಲಡ್ಡಾಗಿ ಬಿಟ್ಟುಕೊಂಡವು. ಹಾಯಿ ಮಾತ್ರ ಉಳಿಯಿತು, ಕಣದಲ್ಲಿ ರಾಗಿ ರಾಶಿಗೆ ಮುಚ್ಚಲು. ಈಗ ನನ್ನ ಮಗಳಿಗೆ ಬಟ್ಟೆ ತರುವುದು ಅಂಗಡಿಯಿಂದ, ಕಾಲರಿನ ಮೇಲಿನ ನಂಬರು ನೋಡಿ. ಅಳತೆ ಒಂದಿಷ್ಟೂ ತಪ್ಪುವುದಿಲ್ಲ. ಆರು ತಿಂಗಳಿಗೆ ಗಿಡ್ಡವಾಗುತ್ತದೆ, ಯಾರಿಗೋ ಕೊಡುತ್ತೇವೆ, ಮತ್ತೊಂದು ನಂಬರು ತರುತ್ತೇವೆ. ಬಿಚ್ಚಲು ಒಳಗೆ ಏನೂ ಇರುವುದಿಲ್ಲ. ಅವಳು ಎಷ್ಟು ಬೆಳೆದಳು ಅಂತ ಬಟ್ಟೆ ನೋಡಿ ಹೇಳಲು ನನಗೆ ಆಗುವುದಿಲ್ಲ.

ಹೋದ ವರ್ಷ ಅವರೆಕಾಯಿ ಕಾಲದಲ್ಲಿ ಊರಿಗೆ ಹೋಗಿದ್ದಾಗ, ತಮ್ಮ ಆ ಹಳೇ ಹಾಯಿಯನ್ನು ತಿಪ್ಪೆಗೆ ಎಸೆಯಲು ಎತ್ತಿದ್ದ. ನಾನು ಇಸಿದುಕೊಂಡು ಜಗಲಿಯ ಮೇಲೆ ಹಾಸಿದೆ. ಬಿಸಿಲು ಮಳೆಗೆ ಬಟ್ಟೆ ರಾಗಿಹೊಟ್ಟಿನ ಬಣ್ಣಕ್ಕೆ ತಿರುಗಿತ್ತು. ಅಜ್ಜಿಯ ಹೊಲಿಗೆಯನ್ನು ಬ್ಲೇಡಿನಲ್ಲಿ ಒಂದೊಂದಾಗಿ ಬಿಡಿಸಿ ಮಡಿಕೆ ತೆರೆದೆ. ಒಳಗೆ ಬಾಷಾ ಸಾಬರು ಹೆಗಲ ಮೇಲೆ ಹೊತ್ತು ತಂದ ಅದೇ ಕಡುಹಸಿರು. ಅದರ ಮೇಲೆ ಮಸುಕಾಗಿ ನಾಲ್ಕು ಇದ್ದಿಲ ಗೀಟು.

ಕೈ ಚಾಚಿ ಇಟ್ಟೆ. ಕೊನೆಯ ಸಣ್ಣ ಗೇಣನ್ನು ನನ್ನ ಕೈ ದಾಟಿಹೋಯಿತು. ಮೊದಲ ಗೀಟಿಗೆ, ತಾತನ ಗೇಣಿಗೆ, ಇನ್ನೂ ಎರಡು ಬೆರಳು ಸಾಲಲಿಲ್ಲ.