ದೋಣಿಯಲ್ಲಿ ಅಡುಗೆಯವಳ ಜಾಗ

ಶ್ರೀಗಂಧದ ಕಾವಲ್‌ನ ಯಶೋದಮ್ಮನ ಪಾಸ್‌ಪೋರ್ಟಿನಲ್ಲಿ ಬಿದ್ದಿರುವಷ್ಟು ಸೀಲು ಆ ಬೀದಿಯ ಯಾವ ಎಂಜಿನಿಯರನ ಪಾಸ್‌ಪೋರ್ಟಿನಲ್ಲೂ ಇಲ್ಲ. ಆದರೂ ಪಕ್ಕದ ಮನೆ ಅಂಜನಮ್ಮ, "ಫಾರಿನ್‌ಗೆ ಹೋಗ್ಬಂದ್ಯಲ್ಲ, ಏನ್ ನೋಡ್ದೆ?" ಅಂತ ಕೇಳಿದಾಗಲೆಲ್ಲ ಆಕೆಯ ಉತ್ತರ ಒಂದೇ: "ಕುಕ್ಕರ್."

ತಮಾಷೆಯಲ್ಲ, ನಿಜ. ಬಸವೇಶ್ವರನಗರದ ನಾಣಿ ಎಂಬಾತ ನಡೆಸುವ ಪ್ರವಾಸ ಕಂಪನಿಗೆ ಯಶೋದಮ್ಮ ಅಡುಗೆಯವಳು. ನಮ್ಮ ಲೇಔಟ್ ಜನ ಲೋಕ ನೋಡಲು ಹೊರಟರೆ ಕಣ್ಣು ಮಾತ್ರ ಹೊರಡುತ್ತದೆ, ನಾಲಿಗೆ ಮನೆ ಬಿಟ್ಟು ಕದಲುವುದಿಲ್ಲ. ದುಬೈ ಇರಲಿ, ಪ್ಯಾರಿಸ್ ಇರಲಿ, ಬೆಳಗ್ಗೆ ಉಪ್ಪಿಟ್ಟಾಗಬೇಕು, ಮಧ್ಯಾಹ್ನ ಅನ್ನ ಸಾರಾಗಬೇಕು. ಅದಕ್ಕೇ ಅಕ್ಕಿ, ಸಾರಿನ ಪುಡಿ, ಹುಣಸೆಹಣ್ಣು, ಕುಕ್ಕರ್, ಇವುಗಳ ಜೊತೆಗೆ ಒಬ್ಬ ಅಡುಗೆಯವಳನ್ನೂ ಕಟ್ಟಿಕೊಂಡು ಹೋಗುತ್ತಾರೆ. ಜನ ಗೋಪುರ ನೋಡಲು ಹೋದಾಗ ಆಕೆ ಈರುಳ್ಳಿ ಹೆಚ್ಚುತ್ತಾಳೆ. ಬಂದು ಉಂಡು ಮಲಗಿದಾಗ ಪಾತ್ರೆ ತಿಕ್ಕುತ್ತಾಳೆ. ಬೆಳಗಾದರೆ ಬಸ್ಸು ಮುಂದಿನ ಊರಿಗೆ.

ಯಶೋದಮ್ಮ ಹುಟ್ಟಾ ಅಡುಗೆಯವಳಲ್ಲ. ಮೈಸೂರು ರಸ್ತೆಯ ಒಂದು ಗಾರ್ಮೆಂಟ್ಸಿನಲ್ಲಿ ಕಾಲರ್ ಹೊಲಿಯುತ್ತಿದ್ದವಳು. ಒಂದು ಸಲ ಹೆಂಗಸರೆಲ್ಲ ಮಿಷನ್ ನಿಲ್ಲಿಸಿ ರಸ್ತೆಗಿಳಿದಾಗ ಈಕೆಯೂ ಮುಂದಿನ ಸಾಲಿನಲ್ಲಿ ಕೂತಳು. ಲಾಠಿಯೇಟು ಬೆನ್ನಿಗೆ ಬಿತ್ತು, ಕೆಲ ತಿಂಗಳ ಮೇಲೆ ಕೆಲಸವೂ ಹೋಯಿತು. ಗಂಡ ಶಶಿಕುಮಾರ್ ನಾಯಂಡಹಳ್ಳಿಯ ಲೇತ್ ಶೆಡ್ಡಿನಲ್ಲಿದ್ದ, ಒಲೆ ಆರಲಿಲ್ಲ. ವಿಜಯನಗರದಲ್ಲಿ ಮದುವೆ ಅಡುಗೆ ಹಿಡಿಯುತ್ತಿದ್ದ ಗುರುಸಿದ್ದಯ್ಯನ ಬಳಿ ತೆಂಗಿನಕಾಯಿ ತುರಿಯಲು ಸೇರಿದವಳು ಒಂದೆರಡು ವರ್ಷದಲ್ಲಿ ಸಾರಿಗೆ ಉಪ್ಪು ಹಾಕುವ ಮಟ್ಟಕ್ಕೆ ಬಂದಳು. ನಾಣಿ ಆ ಸಾರು ಕುಡಿದೇ ಆಕೆಯನ್ನು ಹಿಡಿದುಕೊಂಡ.

ಇತ್ತೀಚೆಗೆ ನಾಣಿಗೆ ಹೊಸ ಗಿರಾಕಿಗಳು ಸಿಕ್ಕಿದ್ದರು. ಆರ್‌ಪಿಸಿ ಲೇಔಟ್, ರಾಜಾಜಿನಗರದ ನಿವೃತ್ತರು. ಭಾನುವಾರ ಕೆಂಗೇರಿ ಕೆರೆ ಏರಿಯ ಮೇಲೆ ಬೈನಾಕ್ಯುಲರ್ ಹಿಡಿದು ನಿಲ್ಲುವ ಜಾತಿ. ಅವರ ಮುಂದಾಳು ಸೀತಾ, ಹೈಸ್ಕೂಲಿನಲ್ಲಿ ವಿಜ್ಞಾನ ಹೇಳಿ ರಿಟೈರಾದವಳು. ಎಲ್ಲರೂ ಸೇರಿ ಉಗಾಂಡಾಕ್ಕೆ ಹೊರಟರು. ಅಲ್ಲಿನ ಕಾಡು, ಜೌಗುಗಳಲ್ಲಿ ಇರುವಷ್ಟು ಬಗೆಯ ಹಕ್ಕಿ ನಮ್ಮ ಕಡೆ ಕನಸಲ್ಲೂ ಬರುವುದಿಲ್ಲವಂತೆ.

ಯಶೋದಮ್ಮ ನಾಣಿಯ ಆಫೀಸಿಗೆ ಸಾಮಾನು ಬರೆಸಲು ಹೋದಾಗ ಅಲ್ಲಿದ್ದ ಸೀತಾ ತನ್ನ ಮೊಬೈಲಿನಲ್ಲಿ ಒಂದು ಪಟ ತೋರಿಸಿದಳು. ಎದೆಯುದ್ದ ನಿಂತ ಬೂದು ಹಕ್ಕಿ, ಮುಖದ ತುಂಬ ಬೂಟಿನಂಥ ಕೊಕ್ಕು. ಶೂಬಿಲ್ ಅಂತ ಹೆಸರು. ಯಶೋದಮ್ಮ ನಕ್ಕುಬಿಟ್ಟಳು.

"ಇದೇನ್ ಮೇಡಂ, ನಮ್ ಗಾರ್ಮೆಂಟ್ಸ್ ಸೂಪರ್‌ವೈಸರ್ ಮೂತಿ ಇದ್ದಂಗಿದೆ."

"ಇದನ್ನ ನೋಡಕ್ಕೇ ಹೋಗ್ತಿರೋದು ಕಣ್ರೀ. ಜೌಗಲ್ಲಿ ದೋಣಿ ಮೇಲೆ ಹೋಗ್ಬೇಕು."

ಯಶೋದಮ್ಮ ನಾಣಿಯ ಕಡೆ ತಿರುಗಿದಳು. "ಸಾರ್, ಈ ಸಲ ನಂದೊಂದು ಕಂಡೀಷನ್ನು. ದೋಣಿಯಲ್ಲಿ ನಂಗೂ ಒಂದ್ ಜಾಗ ಬೇಕು. ಒಂದೇ ದಿನ. ಈ ಹಕ್ಕಿನ ನಾನೂ ನೋಡ್ಬೇಕು."

"ಅದಕ್ಕೇನಮ್ಮ, ಆಯ್ತು ಬನ್ನಿ," ಅಂದ ನಾಣಿ, ಕಂಪ್ಯೂಟರಿನಿಂದ ತಲೆಯೆತ್ತದೆ.

ಎಂಟೆಬ್ಬೆ ವಿಮಾನ ನಿಲ್ದಾಣದಲ್ಲಿ ಅಧಿಕಾರಿಯೊಬ್ಬಳು ಚೀಲ ಬಿಚ್ಚಿಸಿ, ಇಂಗಿನ ಡಬ್ಬಿ ಮೂಸಿ, ಮುಖ ಕಿವುಚಿ, ಇಡೀ ಚೀಲವನ್ನೇ ಬೇಗ ಒಳಗೆ ತಳ್ಳಿದಳು. ಅಲ್ಲಿಂದ ಪಶ್ಚಿಮಕ್ಕೆ, ಕಿಬಾಲೆ ಕಾಡಿಗೆ. ಅಲ್ಲಿ ನೆಲದ ಮೇಲೆ ಕುಪ್ಪಳಿಸುವ ಹಸಿರೆದೆಯ ಪಿಟ್ಟಾ ಹಕ್ಕಿಗಾಗಿ ಗಿರಾಕಿಗಳು ಕತ್ತಲಿರುವಾಗಲೇ ಎದ್ದು ಹೋದರು. ಯಶೋದಮ್ಮ ಅವರಿಗಿಂತ ಮೊದಲೇ ಎದ್ದು ಕಾಫಿ ಕಾಸಿದ್ದಳು. ಅವರು ಬಂದಾಗ ಚಿತ್ರಾನ್ನ ತಯಾರಿತ್ತು. ರಾಜಾಜಿನಗರದ ಆತ್ರೇಯ, ಕಾರ್ಖಾನೆಯಲ್ಲಿ ಮ್ಯಾನೇಜರಾಗಿದ್ದವನು, ಕ್ಯಾಮೆರಾದ ಹಿಂದಿನ ಪುಟ್ಟ ಪರದೆ ಒಡ್ಡಿದ. "ನೋಡಿ ಯಶೋದಮ್ಮ, ಸಿಕ್ತು." ಹೆಬ್ಬೆರಳಿನ ಉಗುರಿನಷ್ಟು ಹಸಿರು ಚುಕ್ಕೆ. "ಚೆನ್ನಾಗದೆ ಸಾರ್," ಅಂದು ಆಕೆ ಚಟ್ನಿ ಬಡಿಸಿದಳು.

ಕಾಡಿನ ಅಂಚಿನ ಬಿಗೋಡಿ ಎಂಬ ಜೌಗನ್ನು ಊರವರೇ ಸೇರಿ ನೋಡಿಕೊಳ್ಳುತ್ತಾರೆ. ಬಂದ ದುಡ್ಡಲ್ಲಿ ಶಾಲೆ ನಡೆಸುತ್ತಾರಂತೆ. ಇದನ್ನೂ ಯಶೋದಮ್ಮ ಊಟಕ್ಕೆ ಕೂತವರ ಬಾಯಿಂದಲೇ ಕೇಳಿದ್ದು. ದೊಡ್ಡ ನೀಲಿ ತುರಾಕೊ ಹಕ್ಕಿ ಕೋಳಿಯ ಹಾಗೆ ಕೊಂಬೆ ಮೇಲೆ ಓಡಿತು ಅಂತಲೂ ಕೇಳಿದಳು. ಬೇಸರ ಮಾಡಿಕೊಳ್ಳಲಿಲ್ಲ. ತನ್ನದೊಂದು ದಿನ ಮುಂದಿದೆಯಲ್ಲ.

ಕೊನೆಯ ನಿಲುಗಡೆ ಮಬಾಂಬ. ವಿಕ್ಟೋರಿಯಾ ಸರೋವರದ ಅಂಚಿನಲ್ಲಿ ಕಣ್ಣು ಹಾಯುವವರೆಗೂ ಜೊಂಡು, ಮಧ್ಯೆ ಮಧ್ಯೆ ಬಚ್ಚಲಗಲದ ನೀರಿನ ಓಣಿ. ದೋಣಿಕಟ್ಟೆಯ ಹತ್ತಿರದ ಮನೆಯೊಂದರಲ್ಲಿ ವಸತಿ. ಸಂಜೆ ಉದ್ದಿನ ವಡೆಗೆ ರುಬ್ಬಿಟ್ಟು ಕೈ ತೊಳೆಯುವಾಗ ನಾಣಿ ಅಡುಗೆಮನೆ ಬಾಗಿಲಲ್ಲಿ ಬಂದು ನಿಂತ.

"ಯಶೋದಮ್ಮ, ನಾಳೆ ಒಂದ್ ಸಣ್ಣ ಎಡವಟ್ಟಾಗಿದೆ. ದೋಣಿ ಬುಕ್ ಮಾಡುವಾಗ ಗೆಸ್ಟ್‌ಗಳ ಲೆಕ್ಕ ಹಾಕಿದೆ, ಗೈಡ್ ಲೆಕ್ಕ ಹಾಕಿದೆ. ನಿಮ್ದು ಬಿಟ್ಟೋಗಿದೆ."

"ಊಟದ ಲೆಕ್ಕದಲ್ಲಿ ನನ್ ಕೈ ಬಿಟ್ಟೋಗಲ್ವಲ್ಲ ಸಾರ್."

"ಹಂಗಲ್ಲಮ್ಮ. ಮತ್ತೆ ಅವ್ರು ವಾಪಸ್ ಬರೋ ಹೊತ್ಗೆ ಬಿಸಿ ತಿಂಡಿ ಆಗ್ಬೇಕಲ್ವಾ? ಪಾಂಪ್ಲೆಟ್‌ನಲ್ಲಿ ಹಾಕಿದೀವಿ. ಮುಂದಿನ್ ಟ್ರಿಪ್ ನೋಡೋಣ."

ಯಶೋದಮ್ಮ ರುಬ್ಬಿದ ಹಿಟ್ಟಿಗೆ ತಟ್ಟೆ ಮುಚ್ಚಿದಳು. ನಾಣಿ ಒಪ್ಪಿದಳೆಂದುಕೊಂಡು ಹೋದ. ಗಾರ್ಮೆಂಟ್ಸಿನ ಸೂಪರ್‌ವೈಸರುಗಳೂ ಹೀಗೇ ಅಂದುಕೊಳ್ಳುತ್ತಿದ್ದರು.

ಬೆಳಗಿನ ಜಾವ ಗಿರಾಕಿಗಳು ಟೋಪಿ ಬೂಟು ಹಾಕಿ ಬಂದರೆ ಕಾಫಿಯಿಲ್ಲ. ಒಲೆ ತಣ್ಣಗಿತ್ತು. ಯಶೋದಮ್ಮ ಸೀರೆ ಮೇಲೆ ಸ್ವೆಟರ್ ಹಾಕಿ, ಶೂ ಕಟ್ಟಿ, ಅಡುಗೆಮನೆಯ ಮೆಟ್ಟಿಲ ಮೇಲೆ ಕೂತಿದ್ದಳು.

"ಹುಷಾರಿಲ್ವಾ?" ಅಂದ ಆತ್ರೇಯ.

"ಹುಷಾರಾಗೇ ಇದೀನಿ. ದೋಣಿಗೆ ಕಾಯ್ತಾ ಇದೀನಿ."

ನಾಣಿ ಓಡಿಬಂದ. "ಇಲ್ಲಿ ಬಂದು ಸ್ಟ್ರೈಕ್ ಮಾಡ್ತೀರಾ? ಮರ್ಯಾದೆ ತೆಗೀತೀರಲ್ರೀ."

"ಹೊರಡೋಕ್ ಮುಂಚೆ ಕೇಳಿದ್ದೆ, ಆಯ್ತು ಅಂದಿದ್ರಿ. ನಾನ್ ಜಾಸ್ತಿ ಏನೂ ಕೇಳ್ತಿಲ್ಲ."

"ನಾವು ಬಂದಿರೋದು ಹಕ್ಕಿ ನೋಡಕ್ಕೆ, ಇವರಿಬ್ಬರ ಪಂಚಾಯ್ತಿಗಲ್ಲ," ಅಂತ ಆತ್ರೇಯ ಗೊಣಗಿದ. ಅವನಿಗೆ ಕಾಫಿಯಿಲ್ಲದೆ ಮಾತೂ ಸರಿ ಹೊರಡುತ್ತಿರಲಿಲ್ಲ.

ಸೀತಾ ನೇರ ಕೇಳಿದಳು. "ನಾಣಿಯವರೇ, ಮಾತು ಕೊಟ್ಟಿದ್ರೋ ಇಲ್ವೋ? ನನ್ ಎದುರಿಗೇ ಕೊಟ್ರಿ."

"ಕೊಟ್ಟಿದ್ದೆ ಮೇಡಂ. ಆದ್ರೆ ಜಾಗ ಎಲ್ಲಿಂದ ತರ್ಲಿ?"

ಅಲ್ಲಿನ ಗೈಡ್ ಮುಕಾಸಾನಿಗೆ ಕನ್ನಡ ತಿಳಿಯದಿದ್ದರೂ ಜಗಳ ತಿಳಿಯಿತು. ವಿಷಯ ಕೇಳಿಕೊಂಡು ತನ್ನ ಚಿಕ್ಕಪ್ಪನಿಗೆ ಫೋನು ಮಾಡಿದ, ಇನ್ನೊಂದು ದೋಣಿ ಬರುತ್ತದೆ ಅಂದ. ಬಂತು, ನಿಧಾನವಾಗಿ. ಸೂರ್ಯ ಆಗಲೇ ಜೊಂಡಿನ ಮೇಲೆ ಬಂದಿದ್ದ. ಕಿತ್ತಳೆ ಬಣ್ಣದ ಜಾಕೆಟ್ ಬಿಗಿದುಕೊಂಡು ಯಶೋದಮ್ಮ ದೋಣಿ ಹತ್ತಿದಳು. ಬೆಸ್ತರು ಬಲೆ ತೆಗೆಯುತ್ತಿದ್ದರು, ತಾವರೆಯೆಲೆ ಮೇಲೆ ಉದ್ದ ಬೆರಳಿನ ಹಕ್ಕಿಗಳು ನಡೆದಾಡುತ್ತಿದ್ದವು. ಓಣಿ ಓಣಿ ಸುತ್ತಿದರು. ಶೂಬಿಲ್ ಕಾಣಲಿಲ್ಲ. ಬಿಸಿಲೇರಿ ಎಲ್ಲರೂ ಹಸಿದು ವಾಪಸಾದರು.

ಆಪಾದನೆ ಯಾವಾಗಲೂ ಯಾರ ತಲೆಗೆ ಬರುತ್ತದೋ ಅವರ ತಲೆಗೇ ಬಂತು.

"ಬೇಗ ಹೊರಟಿದ್ರೆ ಸಿಗ್ತಿತ್ತು," ಅಂದ ಆತ್ರೇಯ, ಗೋಡೆಗೆ ಹೇಳುವವನ ಹಾಗೆ.

ನಾಣಿ ಗೋಡೆಗೆ ಹೇಳಲಿಲ್ಲ. "ನಿಮ್ಮಿಂದ ಹೋಯ್ತು. ಇದೇ ನಿಮ್ ಕೊನೇ ಟ್ರಿಪ್ಪು."

ಯಶೋದಮ್ಮ ಒಳಗೆ ಹೋಗಿ ವಡೆಗೆ ಎಣ್ಣೆಯಿಟ್ಟಳು. ಕೆಲಸ ಹೋಗುವುದು ಏನೆಂದು ಆಕೆಗೆ ಗೊತ್ತು. ಆದರೆ ತಾನು ಕೇಳಿದ್ದರಲ್ಲಿ ತಪ್ಪೇನಿತ್ತು ಅಂತ ಎಷ್ಟು ಹುಡುಕಿದರೂ ಸಿಗಲಿಲ್ಲ. ವಡೆ ಕರಿಯುತ್ತಲೇ ಯೋಚಿಸಿದಳು. ಮರುದಿನ ವಿಮಾನ ಸಂಜೆಗಿತ್ತು. ಇನ್ನೊಂದು ಬೆಳಗು ಉಳಿದಿತ್ತು. ಕಷ್ಟವೆಲ್ಲ ಇರುವುದು ಒಲೆಯಲ್ಲಿ. ಕಾಫಿಗೊಮ್ಮೆ ಹಚ್ಚಬೇಕು, ತಿಂಡಿಗೊಮ್ಮೆ ಹಚ್ಚಬೇಕು, ಅದರ ಮುಂದೆ ಒಬ್ಬಳು ನಿಲ್ಲಬೇಕು.

ಎಲ್ಲರೂ ತಿನ್ನಲು ಕೂತಾಗ ಹೇಳಿದಳು. "ನಾಳೆ ಒಲೆ ಹಚ್ಚೋದ್ ಬೇಡ. ಒಗ್ಗರಣೆ, ಗೊಜ್ಜು ಸಂಜೆನೇ ಮಾಡಿಡ್ತೀನಿ. ಅವಲಕ್ಕಿ ನೆನೆಸಿ ಕಲಸಿ ಡಬ್ಬಿಗೆ ತುಂಬ್ತೀನಿ. ಗೊಜ್ಜವಲಕ್ಕಿ ತಣ್ಣಗಾದಷ್ಟೂ ಚೆನ್ನಾಗಿರ್ತದೆ. ಕತ್ಲಲ್ಲೇ ಹೋಗಣ, ದೋಣಿಲೇ ತಿನ್ನಣ. ಮನೆಲಿ ಯಾರೂ ಉಳ್ಯೋ ಹಂಗಿಲ್ಲ."

"ಕಾಫಿ?" ಅಂದ ಆತ್ರೇಯ.

"ಫ್ಲಾಸ್ಕಲ್ಲಿ. ಹಳೇ ಕಾಫಿ. ಒಂದಿನ ಕುಡೀರಿ ಸಾರ್, ಏನೂ ಆಗಲ್ಲ."

ಸೀತಾ ವಡೆ ಎತ್ತಿಕೊಳ್ಳುತ್ತಾ, "ನಂಗೆ ಹಕ್ಕಿ ಬೇಕಪ್ಪ, ಕಾಫಿ ವಿಜಯನಗರದಲ್ಲೂ ಸಿಗುತ್ತೆ," ಅಂದಳು. ನಾಣಿ ಎದ್ದು ಮುಕಾಸಾನ ಚಿಕ್ಕಪ್ಪನ ದೋಣಿಯನ್ನು ತಾನೇ ಗೊತ್ತು ಮಾಡಿಬಂದ.

ಮರುದಿನ ನೀರಿನ ಮೇಲೆ ಮಂಜಿರುವಾಗಲೇ ದೋಣಿಗಳು ಹೊರಟವು. ಜೊಂಡಿನ ಒಂದು ತಿರುವಿನಲ್ಲಿ ಮುಕಾಸಾ ಕೈಯೆತ್ತಿದ. ಹುಟ್ಟು ನಿಂತಿತು. ಅಲ್ಲಿತ್ತು. ಹತ್ತು ವರ್ಷದ ಮಗುವಿನಷ್ಟು ಎತ್ತರ, ಸ್ಲೇಟಿನ ಬಣ್ಣ, ಅಲುಗಾಟವಿಲ್ಲ. ಕಣ್ಣು ಮಾತ್ರ ನೀರಿನ ಮೇಲೆ. ಮುಕಾಸಾನ ತಾತನ ಕಾಲದಲ್ಲಿ ಇದನ್ನು ಕಂಡರೆ ಮೀನು ಸಿಗುವುದಿಲ್ಲ ಅಂತ ಬೆಸ್ತರು ಕೊಂದುಬಿಡುತ್ತಿದ್ದರಂತೆ. ಈಗ ಇದೇ ಅವರಿಗೆ ಅನ್ನ ಹಾಕುತ್ತದೆ ಅಂತ ಮುಕಾಸಾ ಪಿಸುಗುಟ್ಟಿದ, ಸೀತಾ ಅದನ್ನು ಕನ್ನಡಕ್ಕೆ ಪಿಸುಗುಟ್ಟಿದಳು.

ಬಹಳ ಹೊತ್ತು ಏನೂ ಆಗಲಿಲ್ಲ. ಅವಲಕ್ಕಿ ಡಬ್ಬಿಗಳು ಸದ್ದಿಲ್ಲದೆ ಕೈಯಿಂದ ಕೈಗೆ ದಾಟಿದವು. ಆಮೇಲೆ ಆ ಹಕ್ಕಿ ಕಡಿದ ಮರ ಉರುಳಿದ ಹಾಗೆ ಮುಂದಕ್ಕೆ ಬಿತ್ತು. ಎದ್ದಾಗ ಕೊಕ್ಕಿನ ತುಂಬ ಜೊಂಡು, ಕೆಸರು, ಅದರ ನಡುವೆ ಹೊರಳಾಡುವ ಉದ್ದನೆ ಮೀನು. ತಲೆಯಾಡಿಸಿ ಕಸವನ್ನೆಲ್ಲ ಉದುರಿಸಿ ಮೀನು ನುಂಗಿತು. ಮತ್ತೆ ಕಂಬದ ಹಾಗೆ ನಿಂತಿತು.

"ಹೇಗಿದೆ?" ಸೀತಾ ಕೇಳಿದಳು.

"ಇರಿ ಮೇಡಂ, ನೋಡ್ತಾ ಇದೀನಿ," ಅಂದಳು ಯಶೋದಮ್ಮ.

ನಾಣಿ ತನ್ನ ಮಾತು ಈ ಸಲ ಉಳಿಸಿಕೊಂಡ. ಮುಂದಿನ ಪ್ರವಾಸಕ್ಕೆ ಯಶೋದಮ್ಮನನ್ನು ಕರೆಯಲಿಲ್ಲ. ಸೀತಾ ಫೋನು ಮಾಡಿ ವಾದಿಸಿದರೂ ಕೇಳಲಿಲ್ಲ. ಆಕೆ ಮತ್ತೆ ಗುರುಸಿದ್ದಯ್ಯನ ಮದುವೆ ಅಡುಗೆಗೆ ಹೋದಳು. ಅಲ್ಲೇ ಸಾಂಬಾರು ನೋಡಿಕೊಳ್ಳುತ್ತಿದ್ದ ಸಿದ್ದಲಿಂಗೇಶನನ್ನು ನಾಣಿ ಉಗಾಂಡಾಕ್ಕೆ ಗೊತ್ತು ಮಾಡಿದ್ದ. ಕುಂಬಳಕಾಯಿ ಹೆಚ್ಚುತ್ತಾ ಯಶೋದಮ್ಮ ಅವನಿಗೆ ಏನು ಒಯ್ಯಬೇಕು, ಒಲೆಯ ಉರಿ ಹೇಗೆ ಅಂತ ಎಲ್ಲ ಹೇಳಿಕೊಟ್ಟಳು. ಕೊನೆಗೆ ದೋಣಿಯ ಜಾಗದ ಕಥೆಯನ್ನೂ ಹೇಳಿದಳು.

ವಾರದೊಳಗೆ ನಾಣಿಯ ಫೋನು ಬಂತು. "ಏನ್ರೀ, ಸಿದ್ದಲಿಂಗೇಶ ದೋಣಿಯಲ್ಲಿ ಜಾಗ ಕೊಟ್ರೇನೇ ಬರ್ತೀನಿ ಅಂತಾನೆ. ಬಾಯ್ಮಾತಲ್ಲ, ಬರೆದ್ಕೊಡಿ ಅಂತಾನೆ. ನೀವೇ ಹೇಳ್ಕೊಟ್ರಾ?"

"ಹೂಂ ಸಾರ್, ನಾನೇ."

"ಈಗ ನಾನೇನ್ ಮಾಡ್ಲಿ?"

"ಬರೆದ್ಕೊಡಿ," ಅಂದು ಯಶೋದಮ್ಮ ಫೋನಿಟ್ಟಳು. ಬೇಳೆ ಉಕ್ಕುತ್ತಿತ್ತು.